ಟ್ರ್ಯಾಕ್ಟರಿನ ಎಣ್ಣೆದೀಪ ಹೇಳುವುದೆಷ್ಟು?

ಎತ್ತಿಗೆ ಮೈ ನೆಟ್ಟಗಿಲ್ಲದಿದ್ದರೆ ಮೇವು ಬಿಡುತ್ತದೆ; ನಾವು ನೋಡಿ ತಿಳಿಯುತ್ತೇವೆ. ಟ್ರ್ಯಾಕ್ಟರಿನ ಎಂಜಿನ್ ಎಣ್ಣೆ ಕೆಟ್ಟುದನ್ನು ಮಾತ್ರ ಕೆಂಪು ದೀಪವೇ ಹೇಳೀತೆಂದು ನಮ್ಮಲ್ಲಿ ಅನೇಕರು ನಂಬಿದ್ದೇವೆ. ಈ ನಂಬಿಕೆ ಸರಿಯಲ್ಲ.

ಆ ದೀಪಕ್ಕೆ ಜೋಡಿಸಿದ ಸಣ್ಣ ಸ್ವಿಚ್ಚು ಎಣ್ಣೆಯ ಒತ್ತಡವನ್ನಷ್ಟೇ ಕಾಯುತ್ತದೆ. ಒತ್ತಡ ಇಳಿದರೆ ದೀಪ ಹೊತ್ತುತ್ತದೆ. ಎಣ್ಣೆ ಹಳಸಿದೆಯೇ, ನೀರು ಬೆರೆತಿದೆಯೇ ಎಂಬುದು ಅದಕ್ಕೆ ತಿಳಿಯದು. ಕೆಟ್ಟ ಎಣ್ಣೆಯಲ್ಲಿಯೂ ಒತ್ತಡ ಇರಬಹುದಷ್ಟೇ! ಆದರೆ ಕೆಲಸದ ನಡುವೆ ದೀಪ ಹೊತ್ತಿದರೆ, ಹಿಡಿದ ಸಾಲು ಮುಗಿಸುವ ಆಸೆ ಬಿಟ್ಟು ಕೂಡಲೇ ಎಂಜಿನ್ ನಿಲ್ಲಿಸಬೇಕು; ಇಲ್ಲವಾದರೆ ಬೇರಿಂಗು ಸುಟ್ಟುಹೋದೀತು.

ಎಣ್ಣೆಯ ಗುಣವನ್ನೇ ಅಳೆಯುವ ಸೆನ್ಸರು ಬೇರೆ. ಕೆಲವು ಕಾರುಗಳಲ್ಲಿಯೂ ದೊಡ್ಡ ಯಂತ್ರಗಳಲ್ಲಿಯೂ ಅದು ಉಂಟು. ಎರಡು ಲೋಹದ ತಗಡುಗಳ ನಡುವೆ ಎಣ್ಣೆ ಇರುವಂತೆ ಮಾಡಿ, ಅಲ್ಲಿ ವಿದ್ಯುತ್ತು ಎಷ್ಟು ಶೇಖರವಾಗುವುದೆಂದು ಅದು ನೋಡುತ್ತದೆ. ಇದನ್ನು ಸೂಚಿಸುವ ಅಂಕಿ ಹೊಸ ಎಣ್ಣೆಗೆ 2ಕ್ಕಿಂತ ತುಸು ಹೆಚ್ಚು. ನೀರಿಗೆ ಸುಮಾರು 80. ಆದುದರಿಂದ ನೀರು ಸ್ವಲ್ಪ ಸೇರಿದರೂ ಅಂಕಿ ಏರುತ್ತದೆ. ಎಣ್ಣೆ ಹಳಸಿದರೆ, ಮಸಿ ಕೂಡಿದರೆ ಕೂಡ ಹಾಗೆಯೇ.

ಇಂಥ ಸೆನ್ಸರು ಇಲ್ಲದ ಟ್ರ್ಯಾಕ್ಟರಿಗೆ ನಮ್ಮ ಕಣ್ಣು, ಮೂಗು, ಬೆರಳುಗಳೇ ಸೆನ್ಸರು.

1. ಬೆಳಿಗ್ಗೆ ಚಾಲೂ ಮಾಡುವ ಮೊದಲು, ಸಮನೆಲದಲ್ಲಿ ನಿಲ್ಲಿಸಿ ಅಳತೆಕಡ್ಡಿಯನ್ನು ಒರೆಸಿ, ಅದ್ದಿ ನೋಡಿರಿ. ಎಣ್ಣೆ ಎರಡು ಗೆರೆಗಳ ನಡುವೆ ಇರಬೇಕು.

2. ಎಣ್ಣೆ ಹಾಲು ಬೆರೆಸಿದ ಚಹದಂತೆ ಕಂಡರೆ ನೀರು ಸೇರಿದೆ. ಚಾಲೂ ಮಾಡದೆ ಮೆಕ್ಯಾನಿಕನನ್ನು ಕರೆಸಿರಿ.

3. ಮಟ್ಟ ತಾನಾಗಿಯೇ ಏರಿ, ಎಣ್ಣೆ ತೆಳುವಾಗಿ, ಡೀಸೆಲ್ ವಾಸನೆ ಬಂದರೆ ಒಳಗೆಲ್ಲೋ ಡೀಸೆಲ್ ಸೋರಿ ಬೆರೆಯುತ್ತಿದೆ. ಆಗಲೂ ಹೀಗೆಯೇ ಮಾಡಿರಿ.

4. ಬರಿಯ ಕಪ್ಪು ಬಣ್ಣಕ್ಕೆ ಹೆದರಬೇಕಿಲ್ಲ. ಮಸಿಯನ್ನು ತನ್ನಲ್ಲಿ ಹಿಡಿದುಕೊಳ್ಳುವುದು ಎಣ್ಣೆಯ ಕೆಲಸವೇ. ಆದರೆ ಬೆರಳಲ್ಲಿ ತಿಕ್ಕಿದಾಗ ಮರಳಿನಂತೆ ಹತ್ತಿದರೆ ಧೂಳೋ ಲೋಹದ ಪುಡಿಯೋ ಸೇರಿದೆ, ತೋರಿಸಲು ತಡಮಾಡಬೇಡಿರಿ.

5. ಎಣ್ಣೆ ಬದಲಿಸಿದ ದಿನ ಗಂಟೆಯ ಮೀಟರಿನ ಅಂಕಿಯನ್ನು ಬರೆದಿಡಿರಿ. ಹಲವು ಟ್ರ್ಯಾಕ್ಟರುಗಳಿಗೆ 250 ಗಂಟೆಗೊಮ್ಮೆ ಎಣ್ಣೆಯನ್ನೂ ಫಿಲ್ಟರನ್ನೂ ಬದಲಿಸಲು ಹೇಳಿರುತ್ತದೆ. ನಿಮ್ಮ ಯಂತ್ರದ ಲೆಕ್ಕ ಅದರ ಪುಸ್ತಕದಲ್ಲಿದೆ. ಪುಸ್ತಕ ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಇದ್ದರೆ, ಶಾಲೆಗೆ ಹೋಗುವ ಮಕ್ಕಳಿಂದ ಆ ಪುಟವನ್ನು ಓದಿಸಿ ಕನ್ನಡದಲ್ಲಿ ಬರೆಯಿಸಿಕೊಳ್ಳಿರಿ.

ಬಿತ್ತಿಗೆಯ ಹೊತ್ತಿನಲ್ಲಿ ಎಂಜಿನ್ ಜಾಮಾದರೆ ಹೋಗುವುದು ದುರಸ್ತಿಯ ಹಣವೊಂದೇ ಅಲ್ಲ. ನೆಲದ ಹದವೂ ಹೋಗುತ್ತದೆ. ಆ ಹದ ನಮಗಾಗಿ ಕಾಯುವುದಿಲ್ಲ.