ಚಿಕ್ಕ ಮಕ್ಕಳಿಗೆ ನಕ್ಷೆಯ ಪಾಠ

ಶಾಲೆಯ ಗೋಡೆಯ ಮೇಲೆ ತೂಗುವ ಭಾರತದ ಭೂಪಟದಲ್ಲಿ ಹಾವೇರಿ ಜಿಲ್ಲೆಯನ್ನು ಒಂದು ಬೆರಳಿನ ತುದಿಯಿಂದ ಮುಚ್ಚಿಬಿಡಬಹುದು. ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಇವುಗಳ ಹೆಸರನ್ನು ಅದರಲ್ಲಿ ಹುಡುಕುವ ಮಗುವಿಗೆ ನಿರಾಶೆಯಾಗುವುದು ಸಹಜ. ತನ್ನ ಊರೇ ಇಲ್ಲದ ಚಿತ್ರವನ್ನು ತನ್ನ ದೇಶವೆಂದು ಅದು ಹೇಗೆ ನಂಬೀತು? ಊರು ಏಕೆ ಮರೆಯಾಯಿತೆಂಬುದನ್ನು ತಿಳಿಸುವುದೇ ನಕ್ಷೆಯ ಮೊದಲ ಪಾಠ. ಅದಕ್ಕೆ ಬೇಕಾದುದು ಪ್ರಮಾಣದ, ಅಂದರೆ ಸ್ಕೇಲಿನ, ತಿಳಿವಳಿಕೆ.

ತರಗತಿಯ ಕೋಣೆಯಿಂದಲೇ ಆರಂಭಿಸೋಣ. ಕೋಣೆಯು 6 ಮೀಟರು ಉದ್ದ, 5 ಮೀಟರು ಅಗಲವಿದೆಯೆಂದು ಭಾವಿಸೋಣ. ನೆಲದ 50 ಸೆಂಟಿಮೀಟರಿಗೆ ಕಾಗದದ 1 ಸೆಂಟಿಮೀಟರು ಎಂದು ಗೊತ್ತುಮಾಡಿಕೊಂಡರೆ, 12 ಸೆಂ.ಮೀ. ಉದ್ದ, 10 ಸೆಂ.ಮೀ. ಅಗಲದ ಆಯತ ದೊರೆಯುತ್ತದೆ. ಇದೇ 1:50ರ ಪ್ರಮಾಣ. ಉದ್ದದಂತೆ ಅಗಲವೂ ಕುಗ್ಗುವುದರಿಂದ ವಿಸ್ತೀರ್ಣವು 2,500ರಲ್ಲಿ ಒಂದು ಪಾಲಾಗುತ್ತದೆ. ಬಾಗಿಲು, ಹಲಗೆ, ಮೇಜುಗಳನ್ನು ತೋರಿಸಬಹುದು; ಮೇಜಿನ ಮೇಲಿನ ಸೀಮೆಸುಣ್ಣಕ್ಕೆ ಎಡೆ ಸಾಲದು. ಏನನ್ನು ಬಿಡಬೇಕಾಯಿತೆಂಬುದನ್ನು ಮಕ್ಕಳೇ ಹೇಳಲಿ.

ಈಗ ಊರಿನಾಚೆಗೆ ಹೋಗೋಣ. ಶಿಗ್ಗಾಂವಿಯಿಂದ ಹಿರೇಕೆರೂರಿಗೆ ನೇರ ಗೆರೆಯಲ್ಲಿ ಸುಮಾರು 60 ಕಿ.ಮೀ. ದೂರ. 1767ರಲ್ಲಿ ಆರಂಭವಾದ ಭಾರತೀಯ ಸರ್ವೇಕ್ಷಣ ಇಲಾಖೆಯು 1:50,000 ಪ್ರಮಾಣದ ನಕ್ಷೆಗಳನ್ನು ಪ್ರಕಟಿಸುತ್ತದೆ. ಅಂತಹ ಹಾಳೆಗಳನ್ನು ಜೋಡಿಸಿದರೆ ಈ ದೂರವು 120 ಸೆಂ.ಮೀ. ಆಗುತ್ತದೆ. 1:10,00,000 ಪ್ರಮಾಣದಲ್ಲಿ ಅದು ಕೇವಲ 6 ಸೆಂ.ಮೀ.; 1:1,00,00,000 ಪ್ರಮಾಣದಲ್ಲಿ 6 ಮಿಲಿಮೀಟರು! ಮೊದಲನೆಯದರಲ್ಲಿ ಕೆರೆ, ಗುಡಿ, ಕಾಲುದಾರಿಗಳು ಕಾಣುತ್ತವೆ. ಕೊನೆಯದರಲ್ಲಿ ಊರಿನ ಹೆಸರಿಗೂ ಸ್ಥಳವಿಲ್ಲ. ಪ್ರಮಾಣದ ಎರಡನೆಯ ಸಂಖ್ಯೆ ಹಿರಿದಾದಷ್ಟೂ ಚಿತ್ರವು ಕಿರಿದಾಗುವುದನ್ನು ಗಮನಿಸಬೇಕು.

ಮರೆಯಾಗುವುದು ಹೆಸರು ಮಾತ್ರವಲ್ಲ, ನೆಲದ ಗುಣವೂ ಹೌದು. ಅರಬ್ಬೀ ಸಮುದ್ರದಿಂದ ಬರುವ ಮುಂಗಾರಿನ ಗಾಳಿಯು ಸಹ್ಯಾದ್ರಿಯನ್ನೇರುವಾಗ ತಣಿದು ಮಳೆ ಸುರಿಸುತ್ತದೆ. ಪೂರ್ವಕ್ಕೆ ಇಳಿಯುವಾಗ ಬಿಸಿಯೇರಿ ಒಣಗುತ್ತದೆ. ಆದುದರಿಂದ ಮಲೆನಾಡಿನ ಸೆರಗಿನಲ್ಲಿರುವ ಹಾನಗಲ್ಲಿನ ಕಡೆಗೆ ಮಳೆ ಹೆಚ್ಚು. ಅಲ್ಲಿ ಕೆರೆಗಳೂ ಬತ್ತದ ಗದ್ದೆಗಳೂ ಉಂಟು. ಅಲ್ಲಿಂದ ಸುಮಾರು 30 ಕಿ.ಮೀ. ಈಶಾನ್ಯಕ್ಕಿರುವ ಸವಣೂರಿನ ಸುತ್ತ ಹತ್ತಿ, ಜೋಳ ಬೆಳೆಯುವ ಎರೆಹೊಲಗಳಿವೆ. ಕೊನೆಯ ನಕ್ಷೆಯಲ್ಲಿ ಈ ಅಂತರವು 3 ಮಿಲಿಮೀಟರು. ಎರಡಕ್ಕೂ ಒಂದೇ ಬಣ್ಣ. ಆ ಬಣ್ಣವನ್ನೇ ಬಾಯಿಪಾಠ ಮಾಡಿಸಿದರೆ, ಮಗುವು ತಾನು ಕಣ್ಣಾರೆ ಕಂಡ ಗದ್ದೆಯನ್ನು ಬಿಟ್ಟು ಪುಸ್ತಕದ ಬಣ್ಣವನ್ನೇ ನಿಜವೆಂದುಕೊಳ್ಳುತ್ತದೆ. ನಕ್ಷೆಯು ಸುಳ್ಳು ಹೇಳುವುದಿಲ್ಲ. ತನ್ನ ಪ್ರಮಾಣಕ್ಕೆ ಎಟುಕುವಷ್ಟನ್ನು ಮಾತ್ರ ಹೇಳುತ್ತದೆ.

ಹಾಗೆಂದು ಚಿಕ್ಕ ಪ್ರಮಾಣದ ನಕ್ಷೆಯು ನಿರುಪಯುಕ್ತವಲ್ಲ. ಸವಣೂರಿನ ಪ್ರಸಿದ್ಧ ದೊಡ್ಡಹುಣಸೆ ಮರಗಳನ್ನು ಅಲ್ಲಿಯ ಮಗುವು ತನ್ನ ಊರಿನ ನಕ್ಷೆಯಲ್ಲಿ ಗುರುತಿಸಬಲ್ಲದು. ಆದರೆ ಆ ಜಾತಿಯ ಮರದ ತವರು ಆಫ್ರಿಕ ಖಂಡವೆಂಬುದನ್ನೂ, ನಡುವೆ ಒಂದು ಕಡಲೇ ಇದೆಯೆಂಬುದನ್ನೂ ಪ್ರಪಂಚದ ಭೂಪಟವೇ ತೋರಿಸಬೇಕು.

ಕೋಣೆ, ಶಾಲೆ, ಊರು, ತಾಲೂಕು, ನಾಡು, ದೇಶ ಎಂಬ ಕ್ರಮದಲ್ಲಿ ಪಾಠವು ಸಾಗಲಿ. ಪ್ರತಿಯೊಂದು ಮೆಟ್ಟಿಲಿನಲ್ಲಿಯೂ ಎರಡು ಪ್ರಶ್ನೆಗಳನ್ನು ಕೇಳಬೇಕು: ಇಲ್ಲಿ ಹೊಸದಾಗಿ ಕಂಡುದೇನು? ಮರೆಯಾದುದೇನು? ವಿದ್ಯಾರ್ಥಿಗಳಾದ ನಾವು ನಮ್ಮ ಮನೆಯ ಕಿರಿಯರಿಗೆ ಈ ಪಾಠವನ್ನು ಒಂದು ಅಳತೆಪಟ್ಟಿ, ಒಂದು ಹಾಳೆ ಕಾಗದದಿಂದ ಇಂದೇ ಆರಂಭಿಸಬಹುದು.