ವಿಜಯಪುರದಲ್ಲಿ ಅರ್ಧ ದಿನ: ದ್ರಾಕ್ಷಿ ಸೀಮೆಗೆ ಹೋಗಬೇಕೇ, ಬೇಡವೇ?

ಬೆಳಿಗ್ಗೆ ರೈಲಿಳಿದು ಸಂಜೆಯ ಗಾಡಿಗೆ ಮರಳುವ ನೆಂಟರು ಗೋಳಗುಮ್ಮಟ ನೋಡಿ ಬಂದು ಊಟಕ್ಕೆ ಕುಳಿತಾಗ ಕೇಳುವ ಪ್ರಶ್ನೆ ನನಗೆ ಈಗ ಬಾಯಿಪಾಠವಾಗಿದೆ. "ಇನ್ನೂ ನಾಲ್ಕು ಗಂಟೆ ಇದೆಯಲ್ಲ, ದ್ರಾಕ್ಷಿ ತೋಟ ನೋಡಿ ಬರಬಹುದಾ?" ಪಂಢರಪುರಕ್ಕೆ ಹೊರಟ ಬಸ್ಸಿನವರೂ ಇದನ್ನೇ ಕೇಳುತ್ತಾರೆ. ನವ ಮಂಗಳೂರು ಬಂದರಿಗೆ ಬರುವ ಪ್ರವಾಸಿ ಹಡಗಿನವರದೂ ಇದೇ ಪೇಚು. ಹಡಗು ಸಂಜೆ ಹೊರಡುತ್ತದೆ, ಅಷ್ಟರೊಳಗೆ ಎಷ್ಟು ದೂರ ಹೋಗಿ ಬರಬಹುದು? ದಕ್ಷಿಣ ಆಫ್ರಿಕಾದ ಕೇಪ್‌ಟೌನಿನಲ್ಲಿ ಹಡಗಿಳಿದವರು ಸುಮಾರು 50 ಕಿ.ಮೀ. ಆಚೆಯ ಸ್ಟೆಲೆನ್‌ಬಾಷ್ ದ್ರಾಕ್ಷಿ ತೋಟಗಳಿಗೆ ಹೋಗಿ ಬರುತ್ತಾರೆ. ವಿಜಯಪುರದಿಂದ ದ್ರಾಕ್ಷಿ, ನಿಂಬೆ ತೋಟಗಳಿರುವ ಇಂಡಿಗೂ ಹೆಚ್ಚುಕಡಿಮೆ ಅಷ್ಟೇ ದೂರ.

ಆದರೆ ದೂರವೊಂದನ್ನೇ ನೋಡಿ ಹೊರಟವರು ದಾರಿಯನ್ನಷ್ಟೇ ನೋಡಿ ಮರಳುತ್ತಾರೆ. ತೋಟದಲ್ಲಿ ಎಷ್ಟು ಹೊತ್ತು ನಿಲ್ಲುತ್ತೀರಿ, ಯಾವ ತಿಂಗಳು ಬಂದಿದ್ದೀರಿ, ಅಲ್ಲಿ ನಿಮಗಾಗಿ ಕಾಯುವವರು ಯಾರು ಎಂಬ ಮೂರು ಮಾತು ಇತ್ಯರ್ಥವಾದರೆ ಉತ್ತರ ತಾನಾಗಿ ಸಿಗುತ್ತದೆ. ಮೊದಲ ಬಾರಿ ಬರುವವರಿಗಾಗಿ ಅದನ್ನು ಹಂತ ಹಂತವಾಗಿ ಬರೆದಿದ್ದೇನೆ.

ಹಂತ 1: ಕೈಯಲ್ಲಿರುವ ತಾಸು ಎಣಿಸಿ

ಒಂದು ಚೀಟಿ ತೆಗೆದುಕೊಳ್ಳಿ. ಬೆಳಿಗ್ಗೆ 9ಕ್ಕೆ ಇಳಿದು ಸಂಜೆ 7ಕ್ಕೆ ಗಾಡಿ ಹತ್ತಬೇಕು ಎಂದುಕೊಳ್ಳಿ. ಒಟ್ಟು 10 ತಾಸು. ಇಳಿದು ಮುಖ ತೊಳೆದು ಚಹಾ ಕುಡಿಯಲು ಅರ್ಧ ತಾಸು ಕಳೆಯಿರಿ. ಗಾಡಿಗೆ ಮುಂಚೆ ಒಂದೂವರೆ ತಾಸು ಕಳೆಯಿರಿ. ಈ ಒಂದೂವರೆ ತಾಸನ್ನು ಯಾವ ಕಾರಣಕ್ಕೂ ಮುಟ್ಟಬೇಡಿ. ಉಳಿದದ್ದು 8 ತಾಸು.

ಗೋಳಗುಮ್ಮಟಕ್ಕೆ 2 ತಾಸು, ಇಬ್ರಾಹಿಂ ರೋಜಾಕ್ಕೆ 1, ಊಟಕ್ಕೆ 1 ತಾಸು. ಇವನ್ನು ಬಿಟ್ಟು ದ್ರಾಕ್ಷಿಗೆ ಓಡಬೇಡಿ. ಮುಹಮ್ಮದ್ ಆದಿಲ್‌ಶಾಹ ಕಟ್ಟಿಸಿದ ಆ ಗುಮ್ಮಟದ ಪಿಸುಮಾತಿನ ಮೊಗಸಾಲೆ ಬೆಳಿಗ್ಗೆ, ಜನ ಸೇರುವ ಮುಂಚೆ ಮಾತ್ರ ಚೆನ್ನಾಗಿ ಮಾತಾಡುತ್ತದೆ. ಹಾಗಾಗಿ ಗುಮ್ಮಟ ಮೊದಲು, ತೋಟ ಆಮೇಲೆ.

ಈಗ ಕೈಯಲ್ಲಿ 4 ತಾಸು ಇದೆ. ಇಂಡಿಗೆ ಸುಮಾರು 55 ಕಿ.ಮೀ.; ಹೋಗಿ ಬರಲು ಎರಡೂವರೆ ತಾಸು ಹಿಡಿಯಿರಿ. ತೋಟದಲ್ಲಿ ನಿಲ್ಲಲು ಒಂದೂವರೆ ತಾಸು ಸಿಗುತ್ತದೆ. ಇದು ಸಾಕು. ಮುದ್ದೇಬಿಹಾಳಕ್ಕೆ ಸುಮಾರು 80 ಕಿ.ಮೀ.; ನಾಲ್ಕೂ ತಾಸು ದಾರಿಗೇ ಹೋಗುತ್ತದೆ. ಅದು ಬೇಡ.

ನೆನಪಿಡಬೇಕಾದ ನಿಯಮ: ತೋಟದಲ್ಲಿ ಪೂರ್ತಿ ಒಂದು ತಾಸು ನಿಲ್ಲಲು ಆಗದಿದ್ದರೆ ಹೊರಡಬೇಡಿ.

ಹಂತ 2: ತಿಂಗಳು ನೋಡಿ

ನಮ್ಮ ಕಡೆ ದ್ರಾಕ್ಷಿ ಬಳ್ಳಿಗೆ ವರ್ಷಕ್ಕೆ ಎರಡು ಸಲ ಚಾಟನಿ, ಅಂದರೆ ಬಳ್ಳಿ ಸವರುವುದು. ಏಪ್ರಿಲ್ ಹೊತ್ತಿನ ಚಾಟನಿ ಕಡ್ಡಿ ಬಲಿಯಲಿ ಎಂದು. ಅಕ್ಟೋಬರ್ ಹೊತ್ತಿನದು ಹಣ್ಣಿಗೆ. ಅಕ್ಟೋಬರಿನಲ್ಲಿ ಸವರಿದ ಬಳ್ಳಿ ಸುಮಾರು ನಾಲ್ಕು ತಿಂಗಳಿಗೆ ಹಣ್ಣು ಕೊಡುತ್ತದೆ.

- ಫೆಬ್ರವರಿಯಿಂದ ಏಪ್ರಿಲ್ ಮೊದಲವರೆಗೆ: ಗೊಂಚಲು ತುಂಬಿರುತ್ತದೆ, ಒಣದ್ರಾಕ್ಷಿ ಶೆಡ್ಡುಗಳಲ್ಲಿ ಕೆಲಸ ಭರದಿಂದ ಸಾಗಿರುತ್ತದೆ. ತಾಸು ಸಾಲುವಂತಿದ್ದರೆ ಯೋಚಿಸದೆ ಹೋಗಿ.
- ಡಿಸೆಂಬರ್, ಜನವರಿ: ಕಾಯಿ ಹಸಿರು, ಹುಳಿ. ತಿನ್ನಲು ಸಿಗದು, ನೋಡಲು ಚೆಂದ. ಕೃಷಿಯಲ್ಲಿ ಆಸಕ್ತಿ ಇರುವವರಿಗೆ ಸರಿ.
- ಅಕ್ಟೋಬರ್, ನವೆಂಬರ್: ಚಾಟನಿ, ಚಿಗುರು, ಔಷಧ ಸಿಂಪಡಣೆ. ರೈತರಿಗೆ ಮಾತಾಡಲೂ ಪುರುಸೊತ್ತಿಲ್ಲ.
- ಮೇಯಿಂದ ಸೆಪ್ಟೆಂಬರ್: ಬರೀ ಕಡ್ಡಿ, ಎಲೆ. ದ್ರಾಕ್ಷಿಗೆಂದು ಹೋಗಬೇಡಿ.

ಮಕ್ಕಳ ಬೇಸಿಗೆ ರಜೆ ಎಂದು ಮೇ ತಿಂಗಳಲ್ಲಿ ಬರುವ ಕುಟುಂಬಗಳು ಹೆಚ್ಚು. ಅವರಿಗೆ ನಾನು ಹೇಳುವುದು ಒಂದೇ: ದ್ರಾಕ್ಷಿಯನ್ನು ಮರೆತು ಇಂಡಿಯ ನಿಂಬೆ ನೋಡಿ.

ಹಂತ 3: ನಿಮಗೆ ಬೇಕಾದದ್ದು ವೈನೋ, ದ್ರಾಕ್ಷಿಯೋ?

ಇದನ್ನು ಮನೆಯಲ್ಲೇ ತೀರ್ಮಾನಿಸಿಕೊಂಡು ಬನ್ನಿ. ಕರ್ನಾಟಕ ಸರ್ಕಾರ 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂದಾಗ ನಂದಿ ಕಣಿವೆಯ ಜತೆಗೆ ಕೃಷ್ಣಾ ಕಣಿವೆಯ ಹೆಸರೂ ಕೇಳಿಬಂತು. ಆದರೂ ವಿಜಯಪುರ ಜಿಲ್ಲೆಯ ಬಹುಪಾಲು ದ್ರಾಕ್ಷಿ ಹೋಗುವುದು ತಿನ್ನಲಿಕ್ಕೆ ಮತ್ತು ಒಣಗಿಸಲಿಕ್ಕೆ. ಥಾಮ್ಸನ್ ಸೀಡ್‌ಲೆಸ್, ಸೋನಾಕಾ, ಮಾಣಿಕ್ ಚಮನ್, ತಾಸ್-ಎ-ಗಣೇಶ್ ಇಲ್ಲಿನ ಪರಿಚಿತ ತಳಿಗಳು. ವೈನಿಗೆ ಬೇಕಾದ ಕ್ಯಾಬರ್ನೆ, ಶಿರಾಜ್ ದ್ರಾಕ್ಷಿಗಳ ಕಾಯಿ ಚಿಕ್ಕದು, ಸಿಪ್ಪೆ ದಪ್ಪ, ಒಳಗೆ ಬೀಜ. ಅವು ಬೇರೆಯದೇ ಕುಲ.

ಕುಳಿತು ವೈನಿನ ರುಚಿ ನೋಡುವ ಕೋಣೆ, ಊಟ, ತೋಟದ ಸುತ್ತಾಟ ಎಲ್ಲವೂ ಒಂದೇ ಕಡೆ ಬೇಕೆಂದರೆ ನಾಸಿಕಕ್ಕೋ ಬೆಂಗಳೂರಿನ ಹತ್ತಿರ ನಂದಿ ತಪ್ಪಲಿಗೋ ಬೇರೆ ದಿನ ಇಟ್ಟುಕೊಳ್ಳಿ. ಇಲ್ಲಿ ನಾಲ್ಕು ತಾಸಿನಲ್ಲಿ ಅದನ್ನು ಹುಡುಕಿದರೆ ನಿರಾಸೆ ಖಚಿತ. ಇಲ್ಲಿ ಸಿಗುವುದು ಬೇರೆ: ಬಳ್ಳಿಯಿಂದ ಒಣದ್ರಾಕ್ಷಿಯವರೆಗಿನ ಪೂರ್ತಿ ಕೆಲಸವನ್ನು ಅದನ್ನು ಮಾಡುವವರ ಪಕ್ಕದಲ್ಲೇ ನಿಂತು ನೋಡುವ ಅವಕಾಶ. ನನ್ನ ಪಾಲಿಗೆ ಇದೇ ದೊಡ್ಡದು.

ಹಂತ 4: ದಿಕ್ಕು ಆರಿಸಿ

ಜಿಲ್ಲೆಯ ದ್ರಾಕ್ಷಿಯ ನೆಲೆ ಪಶ್ಚಿಮಕ್ಕೆ, ತಿಕೋಟಾ, ಬಬಲೇಶ್ವರದ ಕಡೆ. ಕೈಯಲ್ಲಿ ಮೂರೇ ತಾಸು ಇದ್ದು ದ್ರಾಕ್ಷಿಯೇ ಬೇಕೆಂದರೆ ಆ ಕಡೆ ಹೋಗಿ. ಉಳಿದ ದಿಕ್ಕುಗಳ ಗುಣ ಹೀಗಿದೆ.

ಇಂಡಿ: ಇಲ್ಲಿ ದ್ರಾಕ್ಷಿ ಇದೆ, ದಾಳಿಂಬೆ ಇದೆ, ಕಬ್ಬು ಇದೆ, ಎಲ್ಲಕ್ಕಿಂತ ಹೆಸರಾದದ್ದು ನಿಂಬೆ. ಇಂಡಿ ಲಿಂಬೆಗೆ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದೆ. ತೆಳು ಸಿಪ್ಪೆಯ, ರಸ ತುಂಬಿದ ಈ ಹಣ್ಣನ್ನು ತೋಟದಲ್ಲೇ ಹಿಂಡಿ ಕುಡಿದವರು ಅಂಗಡಿಯ ನಿಂಬೆಗೆ ಒಗ್ಗುವುದು ಕಷ್ಟ. ದ್ರಾಕ್ಷಿ ಇಲ್ಲದ ತಿಂಗಳಲ್ಲೂ ಕೈ ಬಿಡದ ದಿಕ್ಕು ಇದು. ಸಾಹಿತ್ಯಪ್ರಿಯರಿಗೆ ಒಂದು ಮಾತು: ಮಧುರಚೆನ್ನ, ಸಿಂಪಿ ಲಿಂಗಣ್ಣರ ಹಲಸಂಗಿಯೂ ಹಿಂದೆ ಇದೇ ತಾಲೂಕಿನಲ್ಲಿತ್ತು.

ಬಸವನ ಬಾಗೇವಾಡಿ: ಮನಗೂಳಿ ದಾರಿಯಲ್ಲಿ ಸುಮಾರು 43 ಕಿ.ಮೀ. ಮನೆಯಲ್ಲಿ ಹಿರಿಯರಿದ್ದರೆ ಇದೇ ಸರಿ. ಬಸವಣ್ಣನವರು ಹುಟ್ಟಿದ ಊರು. ಸ್ಮಾರಕ, ದೇವಸ್ಥಾನ ಎರಡೂ ಊರೊಳಗೇ ಇವೆ. ದಾರಿಯಲ್ಲಿ ಪರಿಚಯದವರ ತೋಟವಿದ್ದರೆ ಒಂದು ತಾಸು ಅಲ್ಲಿ ಇಳಿಯಬಹುದು. ಹಿಂದೆ ಇದೇ ತಾಲೂಕಿನಲ್ಲಿದ್ದ ಕೊಲ್ಹಾರದ ಗಡಿಗೆ ಮೊಸರು ಹೆಸರುವಾಸಿ, ಆದರೆ ಆ ಊರು ಬೇರೆ ದಾರಿಯಲ್ಲಿದೆ. ಎರಡನ್ನೂ ಒಂದೇ ಮಧ್ಯಾಹ್ನಕ್ಕೆ ಸೇರಿಸಬೇಡಿ.

ಸಿಂದಗಿ: ಸುಮಾರು 60 ಕಿ.ಮೀ. ತೊಗರಿ, ಹತ್ತಿ, ಕಬ್ಬಿನ ನಾಡು. ಸಂಶೋಧಕ ಎಂ.ಎಂ. ಕಲಬುರ್ಗಿಯವರ ತಾಲೂಕು. ದ್ರಾಕ್ಷಿಗೆಂದೇ ಬರುವವರಿಗೆ ಇದು ದಿಕ್ಕಲ್ಲ. ಎರೆ ಹೊಲದ ಬಯಲು ನೋಡಬೇಕೆನ್ನುವವರಿಗೆ ಸರಿ.

ಮುದ್ದೇಬಿಹಾಳ: ಕೃಷ್ಣೆಯ ದಂಡೆಯ ತಾಲೂಕು. 1565ರ ರಕ್ಕಸ-ತಂಗಡಿ ಯುದ್ಧದೊಂದಿಗೆ ಹೆಸರು ಬೆಸೆದುಕೊಂಡ ರಕ್ಕಸಗಿ, ತಂಗಡಗಿ ಇಲ್ಲಿವೆ. ತಂಗಡಗಿ ಬಸವಣ್ಣನವರ ಪತ್ನಿ ನೀಲಾಂಬಿಕೆಯ ಐಕ್ಯಸ್ಥಳವೂ ಹೌದು. ಇದಕ್ಕೆ ಪೂರ್ತಿ ದಿನ ಬೇಕು. ಅರ್ಧ ದಿನಕ್ಕೆ ತುರುಕಿದರೆ ಊರಿಗೂ ಅನ್ಯಾಯ, ನಿಮಗೂ ದಣಿವು.

ಹಂತ 5: ತೋಟದವರಿಗೆ ಮೊದಲೇ ಹೇಳಿ

ಇಲ್ಲಿ ಟಿಕೆಟ್ ಕೊಡುವ ಬಾಗಿಲಿಲ್ಲ. ತೋಟ ಒಬ್ಬರ ಹೊಲ, ಒಬ್ಬರ ಸಾಲ, ಒಬ್ಬರ ವರ್ಷದ ದುಡಿಮೆ. ಪರಿಚಯದವರ ಮೂಲಕವೋ ತಾಲೂಕಿನ ತೋಟಗಾರಿಕೆ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿಯೋ ಎರಡು ದಿನ ಮುಂಚೆ ಮಾತಾಡಿ. ಕೇಳಬೇಕಾದ ಮೊದಲ ಪ್ರಶ್ನೆ: "ಅಣ್ಣಾರ, ಅವತ್ತ ಔಷಧ ಹೊಡಿಯೂದು ಏನರ ಐತೇನ್ರಿ?" ಸಿಂಪಡಣೆಯ ದಿನ ಮಕ್ಕಳನ್ನು ಕರೆದುಕೊಂಡು ಒಳಗೆ ಕಾಲಿಡಬೇಡಿ. ಹಣ್ಣಿನ ದಿನಗಳಲ್ಲೂ ಅವರು ಕೊಟ್ಟದ್ದನ್ನು ತೊಳೆದು ತಿನ್ನಿ. ನೀವಾಗಿ ಗೊಂಚಲಿಗೆ ಕೈ ಹಾಕಬೇಡಿ. ಬೆರಳು ತಾಗಿದರೆ ಹಣ್ಣಿನ ಮೇಲಿನ ಬೂದಿಯಂಥ ತೆಳು ಹೊದಿಕೆ ಅಳಿಸುತ್ತದೆ, ಬೆಲೆಯೂ ಇಳಿಯುತ್ತದೆ.

ಹಂತ 6: ವಾಹನ ಗೊತ್ತು ಮಾಡಿ

ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸುಗಳು ನಾಲ್ಕೂ ಊರುಗಳಿಗೆ ಓಡಾಡುತ್ತವೆ. ಆದರೆ ಬಸ್ಸು ಬಿಡುವುದು ಬಸ್ ನಿಲ್ದಾಣಕ್ಕೆ. ತೋಟ ಅಲ್ಲಿಂದ ಇನ್ನೂ ದೂರ. ಅರ್ಧ ದಿನದ ಲೆಕ್ಕದಲ್ಲಿ ಬಾಡಿಗೆ ಕಾರೇ ಸರಿ. ರೈಲಿನ ವೇಳಾಪಟ್ಟಿಯಲ್ಲಿ ಇಂಡಿ ರೋಡ್, ಬಸವನ ಬಾಗೇವಾಡಿ ರೋಡ್ ಎಂಬ ನಿಲ್ದಾಣಗಳು ಕಾಣುತ್ತವೆ. ಹೆಸರು ನೋಡಿ ಇಳಿಯಬೇಡಿ, 'ರೋಡ್' ಎಂದಿದ್ದರೆ ಊರು ಅಲ್ಲಿಂದ ದೂರವಿದೆ ಎಂದೇ ಅರ್ಥ.

ಖರ್ಚನ್ನು ತಲೆಗೆ ಹಂಚಿ ನೋಡಿ. ಉದಾಹರಣೆಗೆ ಬಾಡಿಗೆ 2,400 ರೂಪಾಯಿ ಎಂದುಕೊಂಡರೆ ನಾಲ್ವರಿಗೆ ತಲಾ 600. ಒಬ್ಬರೇ ಆದರೆ ಅಷ್ಟೂ ನಿಮ್ಮದೇ. ಒಬ್ಬರೇ ಬಂದಿದ್ದರೆ, ಹಣ್ಣಿನ ಕಾಲವೂ ಅಲ್ಲದಿದ್ದರೆ, ಊರಲ್ಲೇ ಉಳಿಯಿರಿ.

ಹಂತ 7: ಮರಳುವ ದಾರಿಯ ಅಡ್ಡಿ ಎಣಿಸಿ

ಹೋಗುವಾಗ ಯಾರೂ ತಡ ಮಾಡುವುದಿಲ್ಲ, ತಡವಾಗುವುದು ಬರುವಾಗ. ಕಬ್ಬು ನುರಿಸುವ ಕಾಲದಲ್ಲಿ ಇಂಡಿ, ಸಿಂದಗಿ ಕಡೆಯ ರಸ್ತೆಗಳಲ್ಲಿ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳ ಸಾಲು. ಮಳೆ ಬಿದ್ದರೆ ತೋಟದ ದಾರಿಯ ಎರೆಮಣ್ಣು ಗಾಲಿಗೆ ಮೆತ್ತಿಕೊಂಡು ಕಾರು ಕದಲುವುದಿಲ್ಲ. ಒಂದು ವರ್ಷ ನಮ್ಮ ನೆಂಟರ ಕಾರು ಹೀಗೆ ಹೂತು, ಟ್ರ್ಯಾಕ್ಟರ್ ತರಿಸಿ ಎಳೆಸುವಷ್ಟರಲ್ಲಿ ಗಾಡಿ ತಪ್ಪಿತು. ಅದಕ್ಕೇ ಮೊದಲ ಹಂತದ ಒಂದೂವರೆ ತಾಸನ್ನು ಮುಟ್ಟಬೇಡಿ ಎಂದೆ. ಮಳೆಯಾದ ಮರುದಿನ ಡಾಂಬರು ರಸ್ತೆಗೆ ಹತ್ತಿದ ತೋಟವನ್ನೇ ಕೇಳಿ.

ಹಂತ 8: ಸಿಕ್ಕ ಒಂದು ತಾಸನ್ನು ಹೀಗೆ ಬಳಸಿ

ಮೊದಲು ಬಳ್ಳಿಯ ಕೆಳಗೆ ನಿಂತು ನೀರಿನ ಬಗ್ಗೆ ಕೇಳಿ. ಡೋಣಿ ಹೊಳೆಯ ದಂಡೆಯ ಹೊಲ ನೆನೆದು 'ಡೋಣಿ ಬೆಳೆದರೆ ಓಣಿ ತುಂಬ ಜೋಳ' ಎನ್ನುವ ಒಣ ಬೇಸಾಯದ ನಾಡು ಇದು. ಇಲ್ಲಿ ಹಣ್ಣಿನ ತೋಟ ಎದ್ದದ್ದು ಕೊಳವೆ ಬಾವಿ, ಕೃಷಿ ಹೊಂಡ, ಹನಿ ನೀರಾವರಿಯ ಬಲದಿಂದ. ನೀರಿಲ್ಲದ ವರ್ಷ ಟ್ಯಾಂಕರಿನಲ್ಲಿ ನೀರು ತಂದು ಬಳ್ಳಿ ಉಳಿಸಿಕೊಂಡವರಿದ್ದಾರೆ. 1964ರಲ್ಲಿ ಅಡಿಗಲ್ಲು ಬಿದ್ದ ಆಲಮಟ್ಟಿ ಜಲಾಶಯದ ನೀರು ಮುಳವಾಡದಂಥ ಏತ ನೀರಾವರಿಯಿಂದ ಎತ್ತರದ ಹೊಲಗಳತ್ತ ಬಂದ ಕತೆಯನ್ನು ರೈತರ ಬಾಯಿಂದಲೇ ಕೇಳಬೇಕು.

ಆಮೇಲೆ ಶೆಡ್ಡಿಗೆ ಹೋಗಿ. ಗೊಂಚಲನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಅದ್ದುವ ಎಣ್ಣೆ ಬೆರೆಸಿದ ನೀರಿನಲ್ಲಿ ಕೆಲವು ನಿಮಿಷ ಅದ್ದಿ, ಅಂತಸ್ತು ಅಂತಸ್ತಾಗಿ ಕಟ್ಟಿದ ಬಲೆಗಳ ಮೇಲೆ ನೆರಳಲ್ಲಿ ಹರಡುತ್ತಾರೆ. ಸಿಪ್ಪೆಯ ಮೇಣದ ಪದರ ಸಡಿಲವಾಗಿ ನೀರು ಬೇಗ ಆರುತ್ತದೆ. ಸುಮಾರು ಎರಡು ವಾರಕ್ಕೆ ಒಣದ್ರಾಕ್ಷಿ ಸಿದ್ಧ. ನಾಲ್ಕು ಕಿಲೋ ಹಣ್ಣಿಗೆ ಹೆಚ್ಚುಕಡಿಮೆ ಒಂದು ಕಿಲೋ. ಈ ಎರಡು ವಾರದಲ್ಲಿ ಅಕಾಲ ಮಳೆ ಬಂದರೆ ಶೆಡ್ಡಿನಲ್ಲಿದ್ದದ್ದೆಲ್ಲ ಕಪ್ಪಾಗಿ ಬೆಲೆ ಕಳೆದುಕೊಳ್ಳುತ್ತದೆ. ಇದನ್ನು ನೋಡಿದ ಮೇಲೆ ಪಾಯಸದ ದ್ರಾಕ್ಷಿಯನ್ನು ನೀವು ಮೊದಲಿನಂತೆ ತಿನ್ನಲಾರಿರಿ.

ಕೊಳ್ಳುವಾಗ ಮುಷ್ಟಿಯಲ್ಲಿ ಹಿಡಿದು ಬಿಡಿ. ಅಂಟಿಕೊಳ್ಳದೆ ಬಿಡಿಬಿಡಿಯಾಗಿ ಉದುರಬೇಕು, ಗಾತ್ರ ಬಣ್ಣ ಒಂದೇ ಸಮ ಇರಬೇಕು. ಈ ವರ್ಷದ್ದೋ, ಕೋಲ್ಡ್ ಸ್ಟೋರೇಜಿನ ಹಳೆಯದೋ ಕೇಳಿ. ಚೌಕಾಸಿ ಮಾಡಬೇಡಿ, ತೋಟದಲ್ಲಿ ಕೊಟ್ಟ ದುಡ್ಡು ನೇರ ಬೆಳೆದವರ ಕೈ ಸೇರುತ್ತದೆ.

ಹಂತ 9: ಐದು ಪ್ರಶ್ನೆ, ಒಂದು ತೀರ್ಮಾನ

1. ತೋಟದಲ್ಲಿ ಪೂರ್ತಿ ಒಂದು ತಾಸು ಸಿಗುತ್ತದೆಯೇ?
2. ಆ ತಿಂಗಳು ಅಲ್ಲಿ ನೋಡುವಂಥದ್ದು ಇದೆಯೇ?
3. ತೋಟದವರು ಬನ್ನಿ ಎಂದಿದ್ದಾರೆಯೇ?
4. ವಾಹನ, ಖರ್ಚು ಗೊತ್ತಾಗಿದೆಯೇ?
5. ಗಾಡಿಗೆ ಮುಂಚಿನ ಒಂದೂವರೆ ತಾಸು ಹಾಗೇ ಉಳಿದಿದೆಯೇ?

ಐದಕ್ಕೂ ಹೌದಾದರೆ ಹೊರಡಿ. ಒಂದನೆಯದು, ಮೂರನೆಯದು, ಐದನೆಯದರಲ್ಲಿ ಒಂದಕ್ಕೆ ಇಲ್ಲ ಎಂದರೂ ಬೇಡ. ನಾಲ್ಕನೆಯದಕ್ಕೆ ಇಲ್ಲವಾದರೆ ಮೊದಲು ಅದನ್ನು ಗೊತ್ತು ಮಾಡಿಕೊಳ್ಳಿ. ಎರಡನೆಯದಕ್ಕೆ ಇಲ್ಲವಾದರೆ ದಿಕ್ಕು ಬದಲಿಸಿ: ಇಂಡಿಯ ನಿಂಬೆ, ಇಲ್ಲವೇ ಬಸವನ ಬಾಗೇವಾಡಿ. ಬೇಡ ಎಂದು ತೀರ್ಮಾನವಾದರೆ ವಿಜಯಪುರದ ಪೇಟೆಯಲ್ಲಿ ಒಂದು ಕಿಲೋ ಒಣದ್ರಾಕ್ಷಿ ಕೊಂಡು, ಉಳಿದ ಹೊತ್ತನ್ನು ಇಬ್ರಾಹಿಂ ರೋಜಾದ ನೆರಳಲ್ಲಿ ಕಳೆಯಿರಿ. ಮುಂದಿನ ಫೆಬ್ರವರಿಗೆ ಒಂದು ರಾತ್ರಿ ತಂಗುವಂತೆ ಬನ್ನಿ.

ಕೊನೆಗೊಂದು ಮಾತು. ಹೋಗುವುದಿಲ್ಲ ಎಂದಾದರೆ ತೋಟದವರಿಗೆ ಫೋನ್ ಮಾಡಿ ಹೇಳಿ. ನಮ್ಮ ಕಡೆ ಅತಿಥಿ ಬರುತ್ತಾರೆಂದರೆ ಆ ಮನೆಯ ಅವ್ವ ಬೆಳಿಗ್ಗೆಯೇ ನಾಲ್ಕು ರೊಟ್ಟಿ ಹೆಚ್ಚು ಬಡಿದಿರುತ್ತಾಳೆ. ಮಧ್ಯಾಹ್ನ ಕಳೆದರೂ ಅದನ್ನು ಮುಚ್ಚಿಟ್ಟು ದಾರಿ ನೋಡುತ್ತಿರುತ್ತಾಳೆ.