ಅನುಕೃತಿಯಿಂದ ಸ್ವಕೃತಿಗೆ: ತೈಲಭಾವಚಿತ್ರದ ಅಭ್ಯಾಸಕ್ರಮ

ಎಳೆಯ ಮಗುವು ಗುರುಗಳು ಬರೆದುಕೊಟ್ಟ ಅಕ್ಷರವನ್ನು ತಿದ್ದಿ ತಿದ್ದಿಯೇ ಬರೆವಣಿಗೆಯನ್ನು ಕಲಿಯುತ್ತದೆ. ಅದನ್ನು ಯಾರೂ ಚೌರ್ಯವೆನ್ನುವುದಿಲ್ಲ. ಆದರೆ ಚಿತ್ರಕಲೆಯ ವಿದ್ಯಾರ್ಥಿಯು ಪೂರ್ವಸೂರಿಯೊಬ್ಬನ ಕೃತಿಯನ್ನು ಮುಂದಿಟ್ಟುಕೊಂಡು ಬರೆದರೆ, ಇದರಲ್ಲಿ ಸ್ವಂತದ್ದೇನಿದೆ ಎಂಬ ಆಕ್ಷೇಪವು ಕೂಡಲೇ ಏಳುತ್ತದೆ. ಈ ಆಕ್ಷೇಪಕ್ಕೆ ಯೂರೋಪಿನ ಒಂದು ಭಾವಚಿತ್ರದ ಚರಿತ್ರೆಯೇ ಸಮಾಧಾನವನ್ನು ಹೇಳುತ್ತದೆ.

ಇಟಲಿಯ ರಾಫೆಲನು 1514-15ರ ಸುಮಾರಿನಲ್ಲಿ ತನ್ನ ಮಿತ್ರನೂ ರಾಜತಂತ್ರಜ್ಞನೂ ಗ್ರಂಥಕರ್ತನೂ ಆದ ಬಾಲ್ದಸಾರೆ ಕಾಸ್ತಿಲ್ಯೋನೆಯ ಚಿತ್ರವನ್ನು ರಚಿಸಿದನು. ಅದು ಈಗ ಪ್ಯಾರಿಸಿನ ಲೂವ್ರ್ ಸಂಗ್ರಹಾಲಯದಲ್ಲಿದೆ. ಕಪ್ಪು, ಬಿಳುಪು, ಬೂದು, ಮಾಸಲು ಕಂದು, ಇಷ್ಟರಲ್ಲಿಯೇ ಪ್ರಶಾಂತವಾದ ವ್ಯಕ್ತಿತ್ವವೊಂದು ಅಲ್ಲಿ ಮೈದಳೆದಿದೆ. ಮೈಯನ್ನು ಓರೆಯಾಗಿಸಿ, ಮುಖವನ್ನು ನೋಡುವವನತ್ತ ತಿರುಗಿಸಿ, ಕೈಗಳನ್ನು ಮುಂದೆ ಜೋಡಿಸಿದ ಆ ಭಂಗಿಯಾದರೋ ಲಿಯೊನಾರ್ಡೊನ ಮೋನಾ ಲಿಸಾ ಚಿತ್ರಕ್ಕೆ ಋಣಿಯಾದುದು.

ಈ ಚಿತ್ರವನ್ನು ರೂಬೆನ್ಸನು 1620ರ ಸುಮಾರಿನಲ್ಲಿ ಪ್ರತಿಮಾಡಿದನು. ಆಗ ಅವನಿಗೆ ನಲವತ್ತು ದಾಟಿತ್ತು, ಕೀರ್ತಿಯೂ ಬಂದಿತ್ತು. ಆದರೂ ಅವನು ಶಿಷ್ಯನಾಗಲು ನಾಚಲಿಲ್ಲ. 1639ರಲ್ಲಿ ಆಮ್‌ಸ್ಟರ್‌ಡಾಮಿನ ಹರಾಜಿನಲ್ಲಿ ಇದೇ ಚಿತ್ರವನ್ನು ಕಂಡ ರೆಂಬ್ರಾಂಟನು ಒಡನೆ ಒಂದು ರೇಖಾಚಿತ್ರವನ್ನು ಬರೆದುಕೊಂಡು, ಮೂಲವು 3500 ಗಿಲ್ಡರುಗಳಿಗೆ ಮಾರಾಟವಾದುದನ್ನೂ ಅದರಲ್ಲಿ ಗುರುತಿಸಿದನು. 1640ರಲ್ಲಿ ಅವನು ರಚಿಸಿದ ಆತ್ಮಭಾವಚಿತ್ರದ ಭಂಗಿಯಲ್ಲಿ ರಾಫೆಲನ ನೆನಪಿದೆ, ಟಿಷಿಯನ್ನನ ನೆನಪೂ ಇದೆ. ಆದರೆ ಆ ನೋಟ, ಆ ಬೆಳಕು ರೆಂಬ್ರಾಂಟನವೇ.

ಹಾಗಾದರೆ ಪ್ರತಿಮಾಡುವಾಗ ಕಲಿಯಬೇಕಾದುದೇನು? ಹೋಲಿಕೆಯನ್ನಲ್ಲ, ಕ್ರಮವನ್ನು. ಹೊಸಬನು ಕಣ್ಣುರೆಪ್ಪೆಯಿಂದಲೋ ತುಟಿಯಿಂದಲೋ ಆರಂಭಿಸುತ್ತಾನೆ. ಬಲ್ಲವನು ಮೊದಲು ಕ್ಯಾನ್ವಾಸಿಗೆ ತೆಳುವಾದ ನಡುಛಾಯೆಯನ್ನು ಬಳಿದು, ಚೌಕಗಳ ನೆರವಿನಿಂದ ಅಳತೆಯನ್ನು ನಿಶ್ಚಯಿಸಿ, ಕಂದುಬಣ್ಣವೊಂದರಿಂದಲೇ ನೆರಳು ಬೆಳಕುಗಳ ದೊಡ್ಡ ಭಾಗಗಳನ್ನು ಬೇರ್ಪಡಿಸುತ್ತಾನೆ. ಬಣ್ಣಗಳ ಸರದಿಯು ಆಮೇಲಿನದು. ಕೆಳಗಿನ ಪದರಕ್ಕೆ ಎಣ್ಣೆ ಕಡಿಮೆ, ಮೇಲಿನದಕ್ಕೆ ಹೆಚ್ಚು. ಇದು ತಲೆಕೆಳಗಾದರೆ ಮೇಲಿನ ಪದರವು ಮೊದಲು ಒಣಗಿ, ಅಡಿಯದು ಅಲುಗಿದಾಗ ಬಿರುಕು ಬಿಡುತ್ತದೆ. ಆಗಾಗ ಮೂಲವನ್ನೂ ಪ್ರತಿಯನ್ನೂ ಕನ್ನಡಿಯಲ್ಲಿ ನೋಡಿದರೆ, ರೂಢಿಯಿಂದ ಮರೆಯಾದ ದೋಷವು ತಾನಾಗಿ ಗೋಚರಿಸುತ್ತದೆ. ಮೂಲವು ದೊರೆಯದೆ ಮುದ್ರಿತ ಚಿತ್ರವನ್ನೇ ಆಶ್ರಯಿಸುವವನು ಅದರ ಬಣ್ಣಗಳನ್ನು ಪೂರ್ಣವಾಗಿ ನಂಬದೆ, ನೆರಳು ಬೆಳಕುಗಳ ಪಾಠವನ್ನಾದರೂ ದೃಢವಾಗಿ ಪಡೆಯಬೇಕು.

ಅನುಕೃತಿಗೆ ಒಂದು ಮರ್ಯಾದೆಯೂ ಉಂಟು. ಲೂವ್ರ್ ಸಂಗ್ರಹಾಲಯವು 1793ರಲ್ಲಿ ತೆರೆದಂದಿನಿಂದ ಪ್ರತಿಕಾರರಿಗೆ ಅವಕಾಶವನ್ನಿತ್ತಿದೆ. ಆದರೆ ಪ್ರತಿಯು ಮೂಲದ ಅಳತೆಯಲ್ಲಿರಬಾರದೆಂಬುದು ಅಲ್ಲಿಯ ನಿಯಮ. ಅಭ್ಯಾಸಕ್ಕೂ ವಂಚನೆಗೂ ನಡುವಿನ ಗೆರೆ ಇದು. ಪ್ರತಿಯನ್ನು ಪ್ರತಿಯೆಂದೇ ಹೇಳುವವನು ವಿದ್ಯಾರ್ಥಿ. ಮೂಲವೆಂದು ನಂಬಿಸುವವನು ವಂಚಕ.

ಅಭ್ಯಾಸವು ಇಲ್ಲಿಗೇ ನಿಲ್ಲಲಾಗದು. ಪ್ರತಿ ಮುಗಿದೊಡನೆ ಮೂಲವನ್ನು ಮುಚ್ಚಿಟ್ಟು, ಜೀವಂತ ವ್ಯಕ್ತಿಯೊಬ್ಬನನ್ನು ಅದೇ ಬೆಳಕಿನಲ್ಲಿ ಕುಳ್ಳಿರಿಸಿ ಬರೆಯಬೇಕು. ಕಲಿತದ್ದೆಷ್ಟೆಂಬುದಕ್ಕೆ ಆ ಎರಡನೆಯ ಚಿತ್ರವೇ ಪ್ರಮಾಣ. ಅದನ್ನು ಬರೆಯಿಸದ ಗುರುವು ಅಕ್ಷರವನ್ನು ತಿದ್ದಿಸಿ, ವಾಕ್ಯವನ್ನು ಕಲಿಸದೆ ಬಿಟ್ಟಂತೆಯೇ ಸರಿ.